ಐದು ವರ್ಷದಿಂದ ಬಳಸುತ್ತಿರುವ ಒಟಿಜಿ ಓವನ್: ಗುಂಡಿಯನ್ನು ನಂಬಬೇಡಿ, ಅತ್ತೆಯನ್ನು ನಂಬಿ

ಪೆಟ್ಟಿಗೆ ಬಿಚ್ಚಿದ ವಾರದಲ್ಲೇ ಐದು ಸ್ಟಾರ್ ಕೊಟ್ಟು ಕೂತಿದ್ದೆ. ಅದನ್ನು ತೆಗೆದು ಈಗ ಹೊಸದಾಗಿ ಬರೀತಿದ್ದೀನಿ.

28 ಲೀಟರಿನ, 1500 ವ್ಯಾಟಿನ ಈ ಒಟಿಜಿ (ಓವನ್, ಟೋಸ್ಟರ್, ಗ್ರಿಲ್ ಮೂರೂ ಒಂದರಲ್ಲೇ) ಮನೆಗೆ ಬಂದು ಐದು ವರ್ಷ ತುಂಬಿತು. ವಾರಕ್ಕೆ ಎರಡು ಸಲವಾದರೂ ಉರಿದಿದೆ. ಬಾಗಿಲ ಗಾಜು ಕಂದುಗಟ್ಟಿದೆ, ಗುಂಡಿಯ ಸುತ್ತ ಇದ್ದ ಅಂಕಿಗಳು ಅರ್ಧ ಅಳಿಸಿವೆ. ಅಳಿಸಿದ್ದರಿಂದ ನಷ್ಟವೇನಿಲ್ಲ, ಅವು ಯಾವತ್ತೂ ನಿಜ ಹೇಳಿದ್ದಿಲ್ಲ.

ಮೊದಲ ಆರು ತಿಂಗಳು ನಾನು ಮಾಡಿದ ಕೇಕೆಲ್ಲ ಮೇಲೆ ಕಪ್ಪು, ಒಳಗೆ ಹಸಿ. ತಪ್ಪು ನನ್ನದೇ ಅಂದುಕೊಂಡು ಒಂದು ಸಲ ಹಿಟ್ಟು ಬದಲಿಸಿದೆ, ಒಂದು ಸಲ ತಟ್ಟೆ ಬದಲಿಸಿದೆ. ಕೊನೆಗೆ ಓವನ್ ಒಳಗಿಡುವ ಪುಟ್ಟ ಥರ್ಮಾಮೀಟರ್ ತಂದು ನೋಡಿದರೆ, ಗುಂಡಿ 180ರಲ್ಲಿದ್ದಾಗ ಒಳಗೆ 205 ಡಿಗ್ರಿ! ಶಾಖವನ್ನು ಹದದಲ್ಲಿಡೋ ಥರ್ಮೋಸ್ಟಾಟ್ ಅಂದರೆ ಕಾಯೋ ರಾಡು ಕೆಂಪಾಗೋದು, ಆರೋದು, ಮತ್ತೆ ಕೆಂಪಾಗೋದು. ಹಾಗಾಗಿ ಮುಳ್ಳು ಸ್ವಲ್ಪ ಓಲಾಡೋದು ಸಹಜ. ಆದರೆ 25 ಡಿಗ್ರಿ ಅಂದರೆ ಓಲಾಟ ಅಲ್ಲ, ಶುದ್ಧ ಸುಳ್ಳು. ಈಗ 155ರ ಹತ್ತಿರ ಪೆನ್ನಿನಲ್ಲಿ ಗೀಟು ಹಾಕಿಟ್ಟಿದ್ದೀನಿ. ಓವನ್ ಕಾದಿದೆ ಅಂತ ಹೊರಗಿನ ದೀಪ ಆರಿದ ಮೇಲೂ ಹತ್ತು ನಿಮಿಷ ಖಾಲಿ ಬಿಡ್ತೀನಿ. ದೀಪ ಆರೋ ಹೊತ್ತಿಗೆ ಗಾಳಿ ಕಾದಿರುತ್ತೆ, ಒಳಗೋಡೆ ಕಾದಿರಲ್ಲ. ಬಾಗಿಲು ತೆಗೆದ ಕೂಡಲೇ ಆ ಗಾಳಿಯೆಲ್ಲ ಆಚೆ.

ಬ್ರೆಡ್ಡಿಗೆ ನಮ್ಮ ಲೆಕ್ಕ: ಹಿಟ್ಟು 500 ಗ್ರಾಂ, ನೀರು 325, ಉಪ್ಪು 10, ಒಣ ಯೀಸ್ಟ್ 5. ಕಪ್ಪಿನಲ್ಲಿ ಅಳೆಯೋದು ಬಿಟ್ಟು ತಕ್ಕಡಿ ಹಿಡಿದ ದಿನದಿಂದ ಕೈ ಕೆಟ್ಟಿಲ್ಲ. ಬೆಂದಿದೆಯೋ ಇಲ್ಲವೋ ನೋಡೋಕೆ ನಾನು ನಡುವಿಗೆ ಥರ್ಮಾಮೀಟರ್ ಚುಚ್ಚೋಳು, 95 ಡಿಗ್ರಿ ಬಂದರೆ ಸರಿ. ಅತ್ತೆ ಚುಚ್ಚಲ್ಲ. ಬಟ್ಟೆ ಹಿಡಿದು ಬ್ರೆಡ್ಡನ್ನು ಬೋರಲು ಹಾಕಿ, ತಳಕ್ಕೆ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ಕಿವಿ ಹತ್ತಿರ ತರ್ತಾರೆ. ಟೊಳ್ಳು ಸದ್ದು ಕೇಳಿಸಬೇಕು. "ಇನ್ನೂ ಐದು ನಿಮಿಷ ಬಿಡಮ್ಮ" ಅಂದರು ಒಂದು ದಿನ. ಚುಚ್ಚಿ ನೋಡಿದೆ, 91. ಐದು ನಿಮಿಷ ಬಿಟ್ಟು ನೋಡಿದೆ, 95. ಅವತ್ತಿಂದ ಥರ್ಮಾಮೀಟರ್ ಡ್ರಾಯರಿನಲ್ಲೇ ಇದೆ.

ಮೂರನೇ ವರ್ಷ ಕೆಳಗಿನ ರಾಡು ಹೋಯ್ತು. ಕಂಪನಿಯವರು "ನಾಳೆ ಬರ್ತಾರೆ" ಅಂತ ಹೇಳ್ತಾ ಹೇಳ್ತಾ ನಲವತ್ತು ದಿನ ಕಳೆದರು. ಒಂದು ಸ್ಟಾರ್ ಕತ್ತರಿಸಿದ್ದು ಅದಕ್ಕೇ. ಆದರೆ ಓವನ್ ನಮಗೇನು ಮಾಡ್ತಿತ್ತು ಅಂತ ಗೊತ್ತಾಗಿದ್ದೂ ಆಗಲೇ. ಸಂಜೆ ಆಯ್ತು ಅಂದರೆ ಒಬ್ಬೊಬ್ಬರು ಒಂದೊಂದು ಕೋಣೆ ಸೇರೋರು, ಅಡುಗೆಮನೆಯಲ್ಲಿ ನಾನೊಬ್ಬಳೇ. ಬ್ರೆಡ್ ಬೇಯುವ ದಿನ ಯಾರನ್ನೂ ಕೂಗಬೇಕಾಗಿರಲಿಲ್ಲ. ಮೇಲ್ಪದರದ ನೀರು ಆರಿ ಶಾಖ 140 ದಾಟಿತು ಅಂದರೆ ಹಿಟ್ಟಿನ ಸಕ್ಕರೆ, ಪ್ರೋಟೀನು ಸೇರಿ ಕೆಂಪಗಾಗೋಕೆ ಶುರು, ಘಮ ಏಳೋದೂ ಆಗಲೇ. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿ ಮೈಯಾರ್ ಹೆಸರಲ್ಲೇ ಆ ಕ್ರಿಯೆ ಇದೆ. ನಮ್ಮನೆಯಲ್ಲಿ ಅದರ ಲಕ್ಷಣ ಬೇರೆ: ಮೊದಲು ಇವರು ನೀರು ಕುಡಿಯೋ ನೆಪದಲ್ಲಿ ಬರ್ತಾರೆ, ಆಮೇಲೆ ಮಗಳು ಫೋನ್ ಹಿಡಿದುಕೊಂಡೇ ಬಂದು ಕಟ್ಟೆ ಮೇಲೆ ಕೂರ್ತಾಳೆ. ಬಿಸಿ ಬ್ರೆಡ್ ಕೊಯ್ಯಬಾರದು, ಒಳಗೆ ಅಂಟಂಟಾಗುತ್ತೆ, ಒಂದು ಗಂಟೆ ತಣಿಯಲಿ ಅಂತ ಐದು ವರ್ಷದಿಂದ ಹೇಳ್ತಿದ್ದೀನಿ. ಒಂದು ದಿನವೂ ತಣಿದಿಲ್ಲ.

ಗ್ರಿಲ್ ಎರಡೇ ಸಲ ಬಳಸಿದ್ದೀನಿ, ಅದರ ಬಗ್ಗೆ ಹೇಳೋಕೇನಿಲ್ಲ. ಒಳಗಿನ ಬಲ್ಬ್ ಮಾತ್ರ ಉಪಕಾರಿ: ಚಳಿ ಇದ್ದಾಗ ರಾಡು ಹಚ್ಚದೆ ಬರೀ ಬಲ್ಬ್ ಹಾಕಿ ಹಿಟ್ಟು ಒಳಗಿಟ್ಟರೆ ಚೆನ್ನಾಗಿ ಉಬ್ಬುತ್ತೆ.

ಟೈಮರಿನ ಸ್ಪ್ರಿಂಗ್ ಈಚೆಗೆ ಸೋತಿದೆ. ಕೊನೆಯ ಐದು ನಿಮಿಷಕ್ಕೆ ಬಂದು ಮುಳ್ಳು ನಿಂತುಬಿಡುತ್ತೆ, ಓವನ್ ತಾನಾಗಿ ಆರಲ್ಲ. ನಿಮ್ಮದೂ ಹಳೆಯದಾಗಿದ್ದರೆ ಅದನ್ನು ನಂಬಿ ಆಚೆ ಹೋಗಬೇಡಿ. ನಮ್ಮಲ್ಲಿ ಮಗಳು ಫೋನಿನಲ್ಲಿ ಸಮಯ ಇಟ್ಟುಕೊಂಡು, ಹೊತ್ತಾದಾಗ ಕೋಣೆಯಿಂದಲೇ "ಟಿಂಗ್!" ಅಂತ ಕೂಗ್ತಾಳೆ.