ಇಡಿಗಂಟೋ, ತಿಂಗಳ ಜೀವನಾಂಶವೋ?

ಅಂಗವೈಕಲ್ಯವಿರುವ ನಿಮ್ಮ ತಂಗಿ ವಿಚ್ಛೇದನದಲ್ಲಿ ಒಂದೇ ಸಲಕ್ಕೆ ಬರುವ ಇಡಿಗಂಟನ್ನು ಕೇಳಬೇಕೋ, ತಿಂಗಳ ಜೀವನಾಂಶವನ್ನೋ ಎಂದಿರಿ. ಮೊದಲು ಅವರ ಒಂದು ದಿನವನ್ನು ಬರೆದುಕೊಳ್ಳಿ: ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸುವವರು ಯಾರು, ಸ್ನಾನಕ್ಕೆ ಯಾರು, ಗಾಲಿಕುರ್ಚಿಯ ಬ್ಯಾಟರಿ ಎಷ್ಟು ವರ್ಷಕ್ಕೊಮ್ಮೆ ಬದಲಾಗಬೇಕು. ಇದುವರೆಗೆ ಗಂಡ ಪುಕ್ಕಟೆಯಾಗಿ ಮಾಡುತ್ತಿದ್ದ ಆರೈಕೆಗೂ ಇನ್ನು ಸಂಬಳ ಕೊಡಬೇಕು. ಬಹಳ ಜನ ಲೆಕ್ಕಕ್ಕೆ ಹಿಡಿಯದೆ ಬಿಡುವುದು ಇದನ್ನೇ.

ಭದ್ರತೆಯ ಮಾತಿಗೆ ಬಂದರೆ ಇಡಿಗಂಟು ಮೇಲು. ಕೈಗೆ ಬಂದದ್ದು ಬಂತು, ಮಾಜಿ ಗಂಡನ ಕೆಲಸ ಹೋದರೂ ಚಿಂತೆಯಿಲ್ಲ. ತಿಂಗಳ ಹಣ ಸಾಮಾನ್ಯವಾಗಿ ಕೊಡುವವರ ಸಾವಿನೊಂದಿಗೆ ನಿಲ್ಲುತ್ತದೆ. ಅದನ್ನು ಆರಿಸಿದರೆ ಮಾಜಿ ಗಂಡನ ಹೆಸರಲ್ಲಿ ಜೀವವಿಮೆಯನ್ನೂ ಕೇಳಿ.

ಕಾಯಿಲೆ ಉಲ್ಬಣಿಸುವ ಬಗೆಯದಾದರೆ ಮಾತೇ ಬೇರೆ. ತಿಂಗಳ ಜೀವನಾಂಶವನ್ನು ಮುಂದೆ ಹೆಚ್ಚಿಸಲು ಹಲವು ಕಡೆ ನ್ಯಾಯಾಲಯಕ್ಕೆ ಹೋಗಬಹುದು, ಇಡಿಗಂಟು ಬಹುತೇಕ ಅಲ್ಲಿಗೇ ಮುಗಿಯಿತು. ಆದರೆ ವಾರ್ಷಿಕ ಏರಿಕೆಯನ್ನು ಒಪ್ಪಂದದಲ್ಲೇ ಬರೆಸಿ. ಬೆಲೆ ವರ್ಷಕ್ಕೆ 6% ಏರಿದರೆ 12 ವರ್ಷದಲ್ಲಿ ಅದೇ ಮೊತ್ತಕ್ಕೆ ಅರ್ಧದಷ್ಟೇ ಸಾಮಾನು ಬರುತ್ತದೆ.

ಸರ್ಕಾರಿ ನೆರವು ಇದ್ದರೆ ಸಹಿಗೆ ಮುನ್ನ ವಕೀಲರನ್ನು ಕೇಳಿ. ಆದಾಯ, ಆಸ್ತಿ ನೋಡಿ ಕೊಡುವ ನೆರವು ಇಡಿಗಂಟು ಬಂದರೂ ತಿಂಗಳ ಹಣ ಬಂದರೂ ಕಡಿತವಾಗಬಹುದು. ಕೆಲವು ದೇಶಗಳಲ್ಲಿ ಹಾಗಾಗದಿರಲೆಂದೇ ಟ್ರಸ್ಟ್ (ಒಬ್ಬರ ಹಣವನ್ನು ಅವರ ಪರವಾಗಿ ಟ್ರಸ್ಟಿ ಎಂಬ ಇನ್ನೊಬ್ಬರು ನೋಡಿಕೊಳ್ಳುವ ಕಾನೂನು ವ್ಯವಸ್ಥೆ) ಮಾಡಿ ಹಣವನ್ನು ಅದರಲ್ಲಿಡುತ್ತಾರೆ. ಹಣ ನೋಡಿಕೊಳ್ಳುವ ಶಕ್ತಿ ಇಲ್ಲದವರಿಗೂ ಅದೇ ದಾರಿ, ನಂಬಿಕಸ್ಥ ಟ್ರಸ್ಟಿ ಸಿಕ್ಕರೆ.

ಮಾಜಿ ಗಂಡ ಬಾಕಿ ಉಳಿಸಿಕೊಳ್ಳುವ ಜಾಯಮಾನದವನಾದರೆ ನಾನಂತೂ ಸ್ವಲ್ಪ ಕಡಿಮೆಯಾದರೂ ಇಡಿಗಂಟನ್ನೇ ಕೇಳುತ್ತಿದ್ದೆ. ಖಾಯಂ ನೌಕರಿ, ಸಂಬಳದಲ್ಲೇ ಕಡಿತದ ಆದೇಶ ಎರಡೂ ಇದ್ದರೆ ತಿಂಗಳ ಹಣ.