ಮನೆಯಲ್ಲೇ ಕಟ್ಟಿಕೊಂಡ ಬೇಸ್ ಸೆಟ್: ಏಳು ವರ್ಷ ನುಡಿಸಿದ ಮೇಲೆ

ಈ ವಿಮರ್ಶೆಯಲ್ಲಿ ಕಂಪನಿ ಹೆಸರಿಲ್ಲ, ಮಾಡೆಲ್ ನಂಬರ್ ಇಲ್ಲ, ವಾರಂಟಿ ಕಾರ್ಡಂತೂ ಮೊದಲೇ ಇಲ್ಲ. ತಯಾರಕನೂ ನಾನೇ, ಗಿರಾಕಿಯೂ ನಾನೇ, ಕೆಟ್ಟರೆ ಬೈಸಿಕೊಳ್ಳುವವನೂ ನಾನೇ. ವಾರಕ್ಕೊಮ್ಮೆ ಮೂವರು ಗೆಳೆಯರ ಜೊತೆ ಸೇರಿ ನುಡಿಸುತ್ತೇನೆ, ಉಳಿದ ದಿನ ರಾತ್ರಿ ಅರ್ಧ ಗಂಟೆ ಬೆರಳಾಡಿಸುತ್ತೇನೆ, ಅಷ್ಟೇ ನನ್ನ ಸಂಗೀತ. ಏಳು ವರ್ಷದ ಹಿಂದೆ ಒಂದು ಒಳ್ಳೆಯ ಬೇಸ್ ಗಿಟಾರು, ಅದಕ್ಕೊಂದು ಆಂಪ್ (ಸದ್ದು ಹಿಗ್ಗಿಸುವ ಆಂಪ್ಲಿಫೈಯರ್) ಎರಡನ್ನೂ ಒಟ್ಟಿಗೆ ಕೊಳ್ಳುವಷ್ಟು ದುಡ್ಡಿರಲಿಲ್ಲ. ಸಾಲ್ಡರಿಂಗ್ ಐರನ್ ಇತ್ತು, ಒಂದು ಡ್ರಿಲ್ ಇತ್ತು, ‘ಇದರಲ್ಲೇನು ಮಹಾ’ ಅನ್ನುವ ಭಂಡ ಧೈರ್ಯವೂ ಇತ್ತು.

ಎಲ್ಲರೂ ಮೊದಲು ಕೇಳುವುದು ದುಡ್ಡು ಉಳಿಯಿತಾ ಅಂತ. ಇಲ್ಲ. ಸುಟ್ಟ ಸ್ಪೀಕರು, ಕಡಿದ ತಂತಿ, ತಪ್ಪು ಅಳತೆಗೆ ಕುಯ್ದ ಹಲಗೆ, ಮಧ್ಯೆ ಮಧ್ಯೆ ಕೊಂಡ ಉಪಕರಣ ಎಲ್ಲ ಸೇರಿಸಿದರೆ ಒಂದು ಹದವಾದ ಸೆಕೆಂಡ್ ಹ್ಯಾಂಡ್ ಬೇಸ್, ಒಂದು ಸಣ್ಣ ಆಂಪ್ ಬರುತ್ತಿತ್ತು. ಆದರೆ ಆ ಖರ್ಚು ಒಂದೇ ಸಲ ತಲೆ ಮೇಲೆ ಬೀಳಲಿಲ್ಲ. ಈ ತಿಂಗಳು ಪ್ಲೈವುಡ್, ಮುಂದಿನ ತಿಂಗಳು ಸ್ಪೀಕರ್, ಅದಾದ ಮೇಲೆ ಎರಡು ತಿಂಗಳು ಏನೂ ಇಲ್ಲ. ಬಡ್ಡಿಯಿಲ್ಲದ ಕಂತು ಅಂದುಕೊಳ್ಳಿ. ನನ್ನಂಥವನಿಗೆ ದಕ್ಕಿದ ಲಾಭ ಅದೇ.

ಸ್ಪೀಕರಿನ ಪೆಟ್ಟಿಗೆಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಇಷ್ಟು ವರ್ಷದಲ್ಲಿ ಒಮ್ಮೆಯೂ ಕೈಕೊಡದ ಸಾಮಾನು ಅದೊಂದೇ. 18 ಮಿ.ಮೀ. ಪ್ಲೈವುಡ್, ಒಳಗೆ ಸುಮಾರು 60 ಲೀಟರ್ ಜಾಗ, ಒಂದು 12 ಇಂಚಿನ ಸ್ಪೀಕರು, ಕೆಳಗಡೆ 100 ಮಿ.ಮೀ. ಒಳವ್ಯಾಸದ ಪಿವಿಸಿ ಪೈಪಿನ 12 ಸೆಂ.ಮೀ. ತುಂಡು. ಆ ಪೈಪು ಅಲಂಕಾರಕ್ಕಲ್ಲ. ಖಾಲಿ ಬಾಟಲಿಯ ಬಾಯಿಗೆ ತುಟಿಯಿಟ್ಟು ಊದಿದರೆ ಗುಂಯ್ ಅನ್ನುತ್ತದಲ್ಲ, ಅದೇ ಲೆಕ್ಕ. ಪೆಟ್ಟಿಗೆಯೊಳಗಿನ ಗಾಳಿ ಸ್ಪ್ರಿಂಗು, ಪೈಪಿನೊಳಗಿನ ಗಾಳಿ ತೂಕ. ಈ ಅಳತೆಗೆ ಅದು 45 ಹರ್ಟ್ಸ್ ಆಸುಪಾಸಿನಲ್ಲಿ ಅನುರಣಿಸುತ್ತದೆ. ಬೇಸಿನ ದಪ್ಪ ಇ ತಂತಿ 41.2 ಹರ್ಟ್ಸ್. ಹಾಗಾದರೆ ಪೆಟ್ಟಿಗೆಯ ಅನುರಣನೆಯನ್ನು ಅದಕ್ಕೂ ಕೆಳಗೆ ಇಳಿಸಬೇಡವೇ ಅಂತ ಆಗ ತಲೆ ಕೆಡಿಸಿಕೊಂಡಿದ್ದೆ. ಬೇಡ. ಇ ತಂತಿ ಮೀಟಿದಾಗ ಕಿವಿ ಹಿಡಿಯುವುದು ಹೆಚ್ಚಾಗಿ ಅದರ ಎರಡರಷ್ಟಿರುವ 82 ಹರ್ಟ್ಸನ್ನು, ಇನ್ನೂ ಮೇಲಿನವನ್ನು. ಬುಡದ ಸ್ವರವನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ.

ಇಷ್ಟೆಲ್ಲ ಗೊತ್ತಾಗುವ ಮೊದಲು ಒಂದು ಸ್ಪೀಕರು ಬಲಿಯಾಯಿತು. ಯಾರೋ ಕೊಟ್ಟ ಹಳೆಯ ಗಿಟಾರ್ ಆಂಪಿನ 12 ಇಂಚಿನ ಸ್ಪೀಕರನ್ನೇ ಹಾಕಿದ್ದೆ. ನೋಡಲು ಎರಡೂ ಒಂದೇ ಥರ, ಹಾಗಾಗಿ ನಡೆಯುತ್ತದೆ ಅಂದುಕೊಂಡೆ. ಗಿಟಾರ್ ಸ್ಪೀಕರಿನ ಸ್ವಂತ ಕಂಪನವೇ 75 ಹರ್ಟ್ಸ್ ಹತ್ತಿರ. ಅದರ ಕೋನು (ಗಾಳಿ ತಳ್ಳುವ ಕಾಗದದ ಬಟ್ಟಲು) ಹಿಂದೆ ಮುಂದೆ ಆಡುವ ಜಾಗ ಬಹಳ ಕಡಿಮೆ. ಎರಡು ತಿಂಗಳಿಗೆ ಖರ್ ಖರ್ ಶುರುವಾಯಿತು. ಕೋನನ್ನು ಎರಡೂ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದರೆ ಒಳಗೆ ಸುರುಳಿ ಗೀಚುವುದು ಬೆರಳಿಗೇ ತಿಳಿಯುತ್ತಿತ್ತು. ಆಮೇಲೆ ತಂದದ್ದು ಸಭೆ ಸಮಾರಂಭಗಳ ಪಿಎ ಸಿಸ್ಟಮ್‌ಗೆ ಹಾಕುವ ವೂಫರ್. ಅದರ ಜೊತೆ ಬಂದ ಕಾಗದದಲ್ಲಿ ಎಫ್‌ಎಸ್, ಕ್ಯೂಟಿಎಸ್, ವಿಎಎಸ್ ಅಂತ ಮೂರು ಅಂಕಿ ಇದ್ದವು: ಸ್ಪೀಕರಿನ ಸ್ವಂತ ಕಂಪನ ಎಷ್ಟು, ಅದು ಎಷ್ಟು ಬೇಗ ನಿಲ್ಲುತ್ತದೆ, ಕೋನಿನ ಬಿಗಿತ ಎಷ್ಟು ಲೀಟರ್ ಗಾಳಿಗೆ ಸಮ. ಪೆಟ್ಟಿಗೆಯ ಅಳತೆ ಹೊರಡುವುದು ಈ ಮೂರರಿಂದಲೇ. ಆ ಕಾಗದ ಇಲ್ಲದ ಸ್ಪೀಕರನ್ನು ಪುಕ್ಕಟೆ ಕೊಟ್ಟರೂ ಈಗ ಮುಟ್ಟುವುದಿಲ್ಲ.

ಪೆಟ್ಟಿಗೆ ಮುಗಿದ ದಿನ ಎ ಸ್ವರಕ್ಕೆ ಮಾತ್ರ, ಅಂದರೆ 55 ಹರ್ಟ್ಸಿಗೆ ಮಾತ್ರ, ಎಲ್ಲೋ ಝಣಝಣ. ಹಿಂಬದಿ ಹಲಗೆ ಬಿಚ್ಚಿದೆ, ಒಳಗೆ ಅಡ್ಡಪಟ್ಟಿ ಕೊಟ್ಟೆ, ಸಂದಿಗಳಿಗೆ ಅಂಟು ಸುರಿದೆ, ಹಳೆ ರಜಾಯಿಯ ಹತ್ತಿ ತುಂಬಿದೆ. ಆದರೂ ಝಣಝಣ. ಮೂರನೇ ಭಾನುವಾರ ಗೊತ್ತಾಯಿತು, ಸದ್ದು ಮಾಡುತ್ತಿದ್ದದ್ದು ಕೋಣೆಯ ಇನ್ನೊಂದು ಮೂಲೆಯಲ್ಲಿದ್ದ ಕಪಾಟಿನ ಬೀಗದಲ್ಲಿ ನೇತಾಡುತ್ತಿದ್ದ ಕೀಲಿ. ಪುಣ್ಯಕ್ಕೆ ಅಡ್ಡಪಟ್ಟಿ ವ್ಯರ್ಥವಾಗಲಿಲ್ಲ, ಪೆಟ್ಟಿಗೆ ಅದರಿಂದ ಗಟ್ಟಿಯಾಯಿತು. ಬೈಯುವುದಿದ್ದರೆ ತೂಕವನ್ನು ಬೈಯಬೇಕು. ಸ್ಪೀಕರ್ ಸೇರಿ 18 ಕೆಜಿ, ಅದಕ್ಕೆ ನಾನು ಹಾಕಿದ್ದು ಒಂದೇ ಹಿಡಿ.

ಆಂಪ್ ಅಂದರೆ ನನ್ನದು ಅಂಗೈಯಗಲದ ಕ್ಲಾಸ್-ಡಿ (ಕಡಿಮೆ ಬಿಸಿಯಾಗುವ ಬಗೆಯ) ಬೋರ್ಡು. ಟಿಪಿಎ3116 ಅನ್ನುವ ಚಿಪ್ಪು, ಹಳೆ ಲ್ಯಾಪ್‌ಟಾಪಿನ 19 ವೋಲ್ಟ್ ಚಾರ್ಜರು. ಮೇನ್ಸ್ ಕರೆಂಟಿನ ಭಾಗವನ್ನು ನಾನು ಕಟ್ಟಲೇ ಇಲ್ಲ, ಸೀಲ್ ಆದ ಚಾರ್ಜರಿಗೆ ಬಿಟ್ಟುಬಿಟ್ಟೆ. ಈ ಒಂದು ವಿಷಯದಲ್ಲಿ ಜಿಪುಣತನವೂ ಬೇಡ, ಶೂರತನವೂ ಬೇಡ. ಹಳೆ ಕಾಲದ ಗಾಜಿನ ವಾಲ್ವ್ ಆಂಪಿನ ಕೆಪಾಸಿಟರುಗಳು ಪ್ಲಗ್ ಕಿತ್ತ ಮೇಲೂ ನೂರಾರು ವೋಲ್ಟ್ ಹಿಡಿದು ಕೂತಿರುತ್ತವೆ.

ಬೇಸನ್ನು ನೇರ ಬೋರ್ಡಿಗೆ ಚುಚ್ಚಿದ ಮೊದಲ ದಿನ ಕಂಬಳಿ ಹೊದ್ದು ಹಾಡಿದ ಹಾಗೆ ಕೇಳಿಸಿತು. ತಪ್ಪು ಬೋರ್ಡಿನದ್ದಲ್ಲ. ಬ್ಯಾಟರಿಯಿಲ್ಲದ ಪಿಕಪ್ಪಿಗೆ (ತಂತಿಯ ಕಂಪನವನ್ನು ಕರೆಂಟಾಗಿಸುವ ಸುರುಳಿಗೆ) ಎದುರು ಬದಿಯಲ್ಲಿ ಹತ್ತಿರ ಹತ್ತಿರ 1 ಮೆಗಾಓಮ್ ತಡೆ ಬೇಕು. ಈ ಚಿಪ್ಪು ಕೊಡುವುದು ಕೆಲವೇ ಹತ್ತು ಕಿಲೋಓಮ್, ಗೇಯ್ನ್ ಏರಿಸಿದರೆ ಇನ್ನೂ ಕಡಿಮೆ. ಮೇಲಿನ ಸ್ವರಗಳೆಲ್ಲ ಅಲ್ಲೇ ಸೋರಿಹೋಗುತ್ತವೆ. ನಡುವೆ ಒಂದು ಜೆಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್), ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ಒಂದು 9 ವೋಲ್ಟ್ ಬ್ಯಾಟರಿ ಹಾಕಿದೆ, ಕಂಬಳಿ ಸರಿಯಿತು. ಇಡೀ ಸೆಟ್ಟಿನಲ್ಲಿ ಕೊಟ್ಟ ಕಾಸಿಗೆ ಅತಿ ಹೆಚ್ಚು ಫಲ ಸಿಕ್ಕಿದ್ದು ಈ ಬೆಂಕಿಪೊಟ್ಟಣದಷ್ಟು ದೊಡ್ಡ ಸರ್ಕೀಟಿನಿಂದ. ಅದು ಎಳೆಯುವುದು ಅರ್ಧ ಮಿಲಿಆಂಪ್, ಬ್ಯಾಟರಿ ತಿಂಗಳುಗಟ್ಟಲೆ ಬರುತ್ತದೆ. ಸ್ವಿಚ್ಚಿನ ಬದಲು ಸ್ಟೀರಿಯೊ ಜ್ಯಾಕ್ ಹಾಕಿದ್ದೇನೆ, ಕೇಬಲ್ ಕಿತ್ತರೆ ಬ್ಯಾಟರಿಯೂ ಕಡಿದುಕೊಳ್ಳುತ್ತದೆ. ಕೀಳಲು ಮರೆತರೂ ನಲವತ್ತು ದಿನ ತಡೆಯುತ್ತದೆ. ಪರೀಕ್ಷೆ ಮಾಡಿಯೇ ಹೇಳುತ್ತಿದ್ದೇನೆ, ಬೇಕಂತ ಮಾಡಿದ್ದಲ್ಲ.

ಇದೇ ಬೋರ್ಡು ಒಮ್ಮೆ ನನ್ನ ಪ್ರಾಣ ತೆಗೆದಿತ್ತು. ಚೆಂದಕ್ಕೆ ಅಂತ ಲೋಹದ ಡಬ್ಬಿಗೆ ಹಾಕಿ, ಸ್ಪೀಕರಿಗೆ ಲೋಹದ ಜ್ಯಾಕ್ ಕೂರಿಸಿದೆ. ಸ್ವಿಚ್ ಹಾಕಿದರೆ ನಿಶ್ಶಬ್ದ. ಆರಿಸಿ ಮತ್ತೆ ಹಾಕಿದರೂ ನಿಶ್ಶಬ್ದ. ಸತ್ತೇಹೋಯಿತು ಅಂತ ಎರಡು ದಿನ ಮಂಕಾಗಿ ಕೂತಿದ್ದೆ. ಆಮೇಲೆ ಹೊಳೆಯಿತು: ಈ ಥರದ ಚಿಪ್ಪಿನಲ್ಲಿ ಸ್ಪೀಕರಿನ ಎರಡೂ ತಂತಿ ಬಿಸಿ, ಯಾವುದೂ ಗ್ರೌಂಡ್ ಅಲ್ಲ. ಜ್ಯಾಕಿನ ಹೊರ ಬಳೆ ಡಬ್ಬಿಗೆ ತಾಗಿ, ಡಬ್ಬಿ ಗ್ರೌಂಡಿಗೆ ತಾಗಿ, ಒಂದು ಕಡೆ ಪೂರ್ತಿ ಶಾರ್ಟ್ ಆಗಿತ್ತು. ಚಿಪ್ಪಿನೊಳಗೇ ಇರುವ ರಕ್ಷಣೆ ಬಾಗಿಲು ಹಾಕಿಕೊಂಡು ಕೂತಿತ್ತು, ಅಷ್ಟೇ. ಪ್ಲಾಸ್ಟಿಕ್ ಜ್ಯಾಕ್ ಹಾಕಿದೆ, ಬೀಸೋ ದೊಣ್ಣೆ ತಪ್ಪಿತು.

ಸದ್ದು ಸಾಕಾಗುತ್ತದಾ? ಒಬ್ಬನೇ ಕೂತರೆ ಧಾರಾಳ. ಡ್ರಮ್ಸ್ ಎದುರು ಮೊದಲ ವರ್ಷ ಸಾಕಾಗಲೇ ಇಲ್ಲ. 19 ವೋಲ್ಟಿಗೆ, 8 ಓಮ್ ಸ್ಪೀಕರಿಗೆ ಲೆಕ್ಕ ಹಾಕಿದರೆ ಶುದ್ಧವಾಗಿ ಬರುವುದು 20 ವ್ಯಾಟ್. 1969ರಲ್ಲಿ ಬಂದ ದೊಡ್ಡ ವೇದಿಕೆಯ ಬೇಸ್ ಆಂಪ್ ಆಂಪೆಗ್ ಎಸ್‌ವಿಟಿ 300 ವ್ಯಾಟ್ ಇಟ್ಟುಕೊಂಡಿತ್ತು, ಸುಮ್ಮನೆ ಅಲ್ಲ. 24 ವೋಲ್ಟಿನ ಚಾರ್ಜರ್ ತಂದೆ. ವ್ಯತ್ಯಾಸ ಎರಡು ಡೆಸಿಬೆಲ್, ಅಂದರೆ ಗೊತ್ತಾಗಿಯೂ ಗೊತ್ತಾಗದಷ್ಟು. ಆ ದುಡ್ಡು ದಂಡ. ಕೊನೆಗೆ ಕೈಹಿಡಿದದ್ದು ಮೊದಲನೆಯದರ ಅಚ್ಚಿನಂಥ ಎರಡನೇ ಪೆಟ್ಟಿಗೆ. ಎರಡು 8 ಓಮ್ ಸಮಾನಾಂತರವಾಗಿ ಜೊತೆಗೂಡಿದರೆ 4 ಓಮ್, ವ್ಯಾಟೂ ದುಪ್ಪಟ್ಟು, ಗಾಳಿ ತಳ್ಳುವ ಕೋನಿನ ವಿಸ್ತೀರ್ಣವೂ ದುಪ್ಪಟ್ಟು. ಹೆಚ್ಚುಕಡಿಮೆ 6 ಡೆಸಿಬೆಲ್. ನಮ್ಮ ಡ್ರಮ್ಮರ್ ಮೊದಲ ಸಲ ತಿರುಗಿ ನೋಡಿದ. ಬೋರ್ಡಿಗೆ ಮಾತ್ರ ದೊಡ್ಡ ಹೀಟ್‌ಸಿಂಕ್ ಹಾಕಬೇಕಾಯಿತು.

ಇನ್ನು ಬೇಸ್. ಕತ್ತು ಬಂದದ್ದು ಬಾಡಿ ಒಡೆದಿದ್ದ ಹಳೆಯ ಬೇಸಿನಿಂದ, ಬಾಡಿ ನಾನು ಕುಯ್ದದ್ದು. ಕತ್ತನ್ನೂ ಸ್ವತಃ ಮಾಡುವ ಹುಚ್ಚು ನನಗೂ ಇತ್ತು. ತಂತಿ ನುಡಿಯುವ ಉದ್ದ 34 ಇಂಚಿದ್ದರೆ ಮೊದಲ ಫ್ರೆಟ್ (ಕತ್ತಿನ ಮೇಲಿನ ಲೋಹದ ಮೆಟ್ಟಿಲು) ತಲೆ ಕಡೆಯ ನಟ್‌ನಿಂದ 48.5 ಮಿ.ಮೀ. ದೂರ, ಉಳಿದ ಉದ್ದವನ್ನು ಪ್ರತಿ ಸಲ 17.817ರಿಂದ ಭಾಗಿಸುತ್ತ ಹೋದರೆ ಹನ್ನೆರಡನೆಯದು ಸರಿಯಾಗಿ ನಡುಮಧ್ಯಕ್ಕೆ ಬರುತ್ತದೆ. ಕಾಗದದ ಮೇಲೆ ಸುಲಭ. ವೀಣೆಯಲ್ಲಾದರೆ ಮೇಣ ಬಿಸಿಮಾಡಿ ಮೆಟ್ಟಿಲು ಸರಿಸಬಹುದು, ಇಲ್ಲಿ ಗರಗಸ ಒಮ್ಮೆ ಇಳಿದರೆ ಮುಗೀತು. ಅದಕ್ಕಿಂತ ಹೆಚ್ಚಾಗಿ ನಾಲ್ಕು ತಂತಿಯ ಎಳೆತ ಒಟ್ಟು 70–80 ಕೆಜಿ. ಒಳಗೆ ಬಾಗದಂತೆ ತಡೆಯುವ ಉಕ್ಕಿನ ಟ್ರಸ್ ರಾಡ್ ಇಲ್ಲದ ನನ್ನ ಪ್ರಯೋಗದ ಕತ್ತು ಒಂದೇ ತಿಂಗಳಲ್ಲಿ ಬಿಲ್ಲಾಯಿತು. ಕತ್ತು ಕೊಂಡುಕೊಳ್ಳಿ, ಬೇಕಾದರೆ ಉಳಿದದ್ದೆಲ್ಲ ಮಾಡಿಕೊಳ್ಳಿ.

ಬಾಡಿ ಹಳೆ ಬಾಗಿಲ ಹಲಗೆ, 45 ಮಿ.ಮೀ. ದಪ್ಪ. ಎರಡು ತಪ್ಪು ಮಾಡಿದೆ. ತಂತಿಯ ಕೆಳತುದಿ ಹಿಡಿಯುವ ಬ್ರಿಜ್ಜನ್ನು ನೆಟ್ಟಗೆ 34 ಇಂಚಿಗೇ ಹೊಡೆದೆ. ದಪ್ಪ ತಂತಿಗೆ ಬ್ರಿಜ್ಜಿನ ಮೇಲೆ ತಂತಿ ಕೂರುವ ಸ್ಯಾಡಲ್ ಇನ್ನೂ ಕೆಲವು ಮಿ.ಮೀ. ಹಿಂದೆ ಸರಿಯಬೇಕು, ಸರಿಯಲು ಜಾಗವೇ ಇಲ್ಲ. ಹನ್ನೆರಡನೇ ಫ್ರೆಟ್ಟಿನಲ್ಲಿ ಇ ತಂತಿ ಏರಿ ನುಡಿಯುತ್ತಿತ್ತು. 5 ಮಿ.ಮೀ. ಹಿಂದಕ್ಕೆ ಹೊಸ ತೂತು ಹೊಡೆದೆ, ಹಳೆ ತೂತಿಗೆ ತುಂಬಿದ ಬಿದಿರುಕಡ್ಡಿ ಇವತ್ತಿಗೂ ಕಾಣುತ್ತದೆ. ಎರಡನೆಯದು ಇನ್ನೂ ಕಾಡುತ್ತಿದೆ. ಬೆಲ್ಟ್ ಸಿಕ್ಕಿಸುವ ಕೊಂಬನ್ನು ಗಿಡ್ಡ ಮಾಡಿದೆ. ಅದು ಹನ್ನೆರಡನೇ ಫ್ರೆಟ್ಟಿನ ನೇರಕ್ಕೆ ಬರಬೇಕಿತ್ತು. ಕೈಬಿಟ್ಟರೆ ಬೇಸಿನ ತಲೆ ನೆಲ ನೋಡುತ್ತದೆ, ಎಡಗೈ ನುಡಿಸುವುದರ ಜೊತೆ ಹೊರುವ ಕೆಲಸವನ್ನೂ ಮಾಡುತ್ತದೆ. ಒಳಬದಿ ಒರಟಾಗಿರುವ ಅಗಲ ಬೆಲ್ಟ್ ಹಾಕಿದ ಮೇಲೆ ಮಣಿಕಟ್ಟಿನ ನೋವು ಕಡಿಮೆಯಾಗಿದೆ, ಹೋಗಿಲ್ಲ. ಚಿತ್ರ ಬರೆಯುವಾಗ ಅರ್ಧ ಗಂಟೆ ಯೋಚಿಸಿದ್ದರೆ ಸಾಕಿತ್ತು.

ಜಿ ತಂತಿಯ ಐದನೇ ಫ್ರೆಟ್ಟಿನಲ್ಲಿ, ಸಿ ಸ್ವರದಲ್ಲಿ, ಒಂದು ಸತ್ತ ಜಾಗವೂ ಇದೆ. ಮೀಟಿದರೆ ಬೇರೆ ಸ್ವರ ನಾಲ್ಕು ಸೆಕೆಂಡ್ ನಿಂತರೆ ಇದು ಒಂದೂವರೆಗೆ ಕುಸಿಯುತ್ತದೆ. ಆ ಕಂಪನವನ್ನು ಕತ್ತು ತಾನೇ ನುಂಗಿಬಿಡುತ್ತದೆ. ಇದು ಕಂಪನಿಯ ಬೇಸುಗಳಲ್ಲೂ ಇರುವ ಕಾಯಿಲೆ. ತಲೆಗೆ ಸಣ್ಣ ಕಬ್ಬಿಣದ ಕ್ಲಾಂಪ್ ಬಿಗಿದರೆ ಸತ್ತ ಜಾಗ ಪಕ್ಕಕ್ಕೆ ಸರಿಯುತ್ತದೆ. ಆದರೆ ಮೊದಲೇ ನೆಲ ನೋಡುವ ತಲೆಗೆ ಇನ್ನಷ್ಟು ಭಾರ! ಹಾಗಾಗಿ ಆ ಸಿಯನ್ನು ಡಿ ತಂತಿಯ ಹತ್ತನೇ ಫ್ರೆಟ್ಟಿನಲ್ಲಿ ನುಡಿಸಿಕೊಂಡಿದ್ದೇನೆ.

ಪಿಕಪ್ ಸುತ್ತಿದ್ದು ಶುದ್ಧ ಹುಚ್ಚುತನ. ಕೂದಲಿಗಿಂತ ತೆಳುವಾದ 42 ಗೇಜ್ ತಾಮ್ರದ ತಂತಿಯನ್ನು ಡ್ರಿಲ್ಲಿಗೆ ಸಿಕ್ಕಿಸಿದ ಬಾಬಿನ್ನಿಗೆ ಸುತ್ತಬೇಕು. ಎಣಿಸಲು ಹಳೆ ಕ್ಯಾಲ್ಕುಲೇಟರು: ಒಂದು ಕೂಡಿಸು ಒಂದು ಒತ್ತಿ, ಸಮ ಚಿಹ್ನೆಯ ಗುಂಡಿಗೆ ಆಯಸ್ಕಾಂತ ಹತ್ತಿರ ಬಂದರೆ ಒತ್ತಿಕೊಳ್ಳುವ ರೀಡ್ ಸ್ವಿಚ್ ಜೋಡಿಸಿ, ತಿರುಗುವ ಕಡೆ ಆಯಸ್ಕಾಂತ ಅಂಟಿಸಿದರೆ ಪ್ರತಿ ಸುತ್ತಿಗೆ ಒಂದು ಏರುತ್ತದೆ. ಮೊದಲ ಸಲ ಆರು ಸಾವಿರ ದಾಟಿದ ಮೇಲೆ ತಂತಿ ಕಡಿಯಿತು. ಟಪ್ ಅಂತ ಸದ್ದು ಸಹ ಬರಲಿಲ್ಲ, ಬೆರಳ ನಡುವಿನ ಎಳೆತ ಇದ್ದಕ್ಕಿದ್ದಂತೆ ಇಲ್ಲವಾಯಿತು. ಎರಡನೇ ಸಲ ಕ್ಯಾಲ್ಕುಲೇಟರ್ 8,500 ತೋರಿಸಿದಾಗ ನಿಲ್ಲಿಸಿದೆ. ಮೀಟರಿಟ್ಟು ತಡೆ ನೋಡಿದರೆ ಸುತ್ತು ಅದಕ್ಕಿಂತ ಜಾಸ್ತಿ ಇರಲೇಬೇಕು. ಡ್ರಿಲ್ ಜೋರಾದಾಗ ಬಡಪಾಯಿ ಕ್ಯಾಲ್ಕುಲೇಟರ್ ಎಣಿಕೆ ತಪ್ಪಿತ್ತು. ಆಂಪ್ ಏರಿಸಿದರೆ ಪಿಕಪ್ ಕೀಂಯ್ ಎಂದು ಕಿರುಚುತ್ತಿತ್ತು, ಬಾಯಿಟ್ಟು ಮಾತಾಡಿದರೆ ಸ್ಪೀಕರಿನಲ್ಲಿ ನನ್ನದೇ ದನಿ. ಕರಗಿಸಿದ ಮೇಣದಲ್ಲಿ ಗುಳ್ಳೆ ನಿಲ್ಲುವವರೆಗೆ ಮುಳುಗಿಸಿದ ಮೇಲೆ ಸುಮ್ಮನಾಯಿತು. ಸುತ್ತಲೂ ತಾಮ್ರದ ಹಾಳೆ ಅಂಟಿಸಿದ್ದರಿಂದ ಚರಚರ ಹೋಯಿತು, ಟ್ರಾನ್ಸ್‌ಫಾರ್ಮರ್ ಹತ್ತಿರ ನಿಂತಾಗಿನ ಗುಂಯ್ ಹೋಗಲಿಲ್ಲ. ಒಂದೇ ಸುರುಳಿಯ ಪಿಕಪ್ಪಿಗೆ ಅದು ಹುಟ್ಟುಗುಣ, ಸ್ವಲ್ಪ ತಿರುಗಿ ನಿಂತರೆ ತಗ್ಗುತ್ತದೆ. ಇಷ್ಟೆಲ್ಲ ಪಟ್ಟ ಮೇಲೂ ಅಗ್ಗದ ಒಂದು ರೆಡಿಮೇಡ್ ಪಿಕಪ್ ಇದಕ್ಕಿಂತ ಚೆನ್ನಾಗಿ ನುಡಿಯುತ್ತದೆ, ಗೆಳೆಯನ ಬೇಸಿನಲ್ಲಿ ಕೇಳಿದ್ದೇನೆ. ಆದರೂ ತೆಗೆದಿಲ್ಲ.

ತಂತಿಯ ಬಗ್ಗೆ ಒಂದು ಮಾತು. ಹಳೆ ತಂತಿಯನ್ನು ಹತ್ತು ನಿಮಿಷ ನೀರಲ್ಲಿ ಕುದಿಸಿದರೆ ಹೊಳಪು ಮರಳುತ್ತದೆ ಅಂತಾರೆ. ಮರಳುತ್ತದೆ, ಒಂದು ವಾರಕ್ಕೆ. ಎರಡನೇ ಕುದಿಗೆ ಜಿ ತಂತಿ ಶ್ರುತಿ ಬಿಗಿಯುವ ಕೀಲಿಯ ತಿರುವಿನಲ್ಲೇ ಕಡಿಯಿತು. ಈಗ ಹಾಕಿರುವುದು ಚಪ್ಪಟೆ ಪಟ್ಟಿ ಸುತ್ತಿದ ಫ್ಲಾಟ್‌ವೌಂಡ್. ಕೊಳ್ಳುವಾಗ ಕಣ್ಣಿಗೆ ಕತ್ತಲೆ ಬಂತು, ಆದರೆ ನಾಲ್ಕು ವರ್ಷದಿಂದ ಅದೇ ಸೆಟ್. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಫ್ಲಾಟ್‌ವೌಂಡ್ ತಂತಿಯನ್ನು ಕಡಿಯುವವರೆಗೂ ಬದಲಿಸುತ್ತಿರಲಿಲ್ಲವಂತೆ. ಸೋಮಾರಿತನಕ್ಕೆ ಇಷ್ಟು ದೊಡ್ಡ ಆಸರೆ ನನಗೆ ಇನ್ನೆಲ್ಲೂ ಸಿಕ್ಕಿಲ್ಲ.

ಸದ್ಯಕ್ಕೆ ಬಾಕಿ ಉಳಿದಿರುವುದು ವಾಲ್ಯೂಮ್ ಗುಂಡಿಯ ಕರಕರ. ಹಾಡಿನ ನಡುವೆ ತಿರುಗಿಸಿದರೆ ಎಲ್ಲರೂ ನನ್ನ ಕಡೆ ನೋಡುತ್ತಾರೆ. ಗುಂಡಿಯ ಕೆಳಗೆ ಕೂರುವ ಹೊಸ 250 ಕಿಲೋಓಮ್ ಪಾಟ್ (ತಿರುಗಿಸಿ ತಡೆ ಬದಲಿಸುವ ರೆಸಿಸ್ಟರ್) ತಂದಾಗಿದೆ, ಮೂರ್ನಾಲ್ಕು ಬೆಸುಗೆಯ ಕೆಲಸ. ಎಂಟು ತಿಂಗಳಿಂದ ಮೇಜಿನ ಡ್ರಾಯರಿನಲ್ಲಿದೆ.