ವ್ಯಾನಿಗೆ ಹೆಚ್ಚುವರಿ ಸೀಟು ಹಾಕಿಸಿ ಆರ್‌ಸಿಯಲ್ಲಿ ಸೇರಿಸಿಕೊಡುತ್ತೇವೆ ಎನ್ನುವವರ ಬಗ್ಗೆ ಎಚ್ಚರಿಕೆ

ನಮ್ಮ ಮನೆಯಲ್ಲಿ ಏಳು ಜನರಿದ್ದೇವೆ. ಎಲ್ಲರೂ ಒಟ್ಟಿಗೆ ಊರಿಗೆ ಹೋಗಿಬರಲಿ ಎಂದು ಕಳೆದ ವರ್ಷ ಹಳೆಯ ಮಾರುತಿ ಈಕೋ ವ್ಯಾನೊಂದನ್ನು ಕೊಂಡೆವು. ಆರ್‌ಸಿಯಲ್ಲಿ ಅದರ ಆಸನ ಸಾಮರ್ಥ್ಯ ಚಾಲಕರೂ ಸೇರಿ ಐದು ಎಂದಿತ್ತು. ಹಿಂದಿನ ಖಾಲಿ ಜಾಗದಲ್ಲಿ ಇಬ್ಬರು ಕೂರುವ ಸೀಟು ಹಾಕಿಸಿ, ಅದನ್ನು ಕಾನೂನುಬದ್ಧವಾಗಿ ದಾಖಲು ಮಾಡಿಸಿಕೊಳ್ಳಬಹುದೆಂದು ನಂಬಿ 42,000 ರೂಪಾಯಿ ಕಳೆದುಕೊಂಡೆ. ಹಣಕ್ಕಿಂತ ಹೆಚ್ಚಾಗಿ, ಆ ಸೀಟಿನಲ್ಲಿ ತಾಯಿಯವರನ್ನು ಕೂರಿಸಿಕೊಂಡು ಎರಡು ಬಾರಿ ಘಾಟಿ ಇಳಿದಿದ್ದೆ ಎಂಬುದು ಈಗಲೂ ನನ್ನನ್ನು ಕಾಡುತ್ತದೆ.

ಸೀಟು ಹಾಕಿದ ಗ್ಯಾರೇಜಿನವರು ಹೇಳಿದ ಮಾತು ಕೇಳುವುದಕ್ಕೆ ಸರಿಯಾಗಿಯೇ ಇತ್ತು. "ಇದೇ ಗಾಡಿ ಕಂಪನಿಯಿಂದಲೇ ಏಳು ಸೀಟಿನದೂ ಬಂದಿದೆ ಸಾರ್, ನಾವು ಹೊಸದೇನೂ ಮಾಡುತ್ತಿಲ್ಲ. ಆರ್‌ಸಿ ಕೆಲಸ ನನಗೆ ಬಿಡಿ" ಎಂದರು. ಈಕೋ 2010ರಲ್ಲಿ ಮಾರುಕಟ್ಟೆಗೆ ಬಂದಾಗ ಐದು ಸೀಟಿನದೂ ಏಳು ಸೀಟಿನದೂ ಇದ್ದದ್ದು ನಿಜವಾದ್ದರಿಂದ ನಾನು ಮರುಪ್ರಶ್ನೆ ಕೇಳಲಿಲ್ಲ. ಸೀಟಿಗೆ 28,000, "ಆರ್‌ಟಿಒ ಖರ್ಚಿಗೆ" 14,000 ಕೊಟ್ಟೆ. ಮೂರು ವಾರದ ನಂತರ ಒಂದು ಹಾಳೆ ಕೈಗೆ ಬಂತು. ಆಸನಗಳನ್ನು ಪರಿಶೀಲಿಸಿ ಯೋಗ್ಯವೆಂದು ದೃಢೀಕರಿಸಲಾಗಿದೆ ಎಂಬ ಒಕ್ಕಣೆ, ಕೆಳಗೆ ದುಂಡನೆಯ ಮೊಹರು. ಅದರಲ್ಲಿ ಗಾಡಿಯ ನಂಬರು ಇತ್ತೇ ಹೊರತು ಚಾಸಿಸ್ ನಂಬರಾಗಲಿ, ಯಾವ ಪ್ರಯೋಗಾಲಯದ ಪರೀಕ್ಷಾ ವರದಿಯ ಸಂಖ್ಯೆಯಾಗಲಿ ಇರಲಿಲ್ಲ. ಅಂದೇ ಇದು ನನಗೆ ಹೊಳೆಯಬೇಕಿತ್ತು. ಇನ್ನೂ ಎರಡು ತಿಂಗಳ ಮೇಲೆ ಪರಿವಾಹನ್ ಜಾಲತಾಣದಲ್ಲಿ ನೋಡಿದರೆ ಆಸನ ಸಾಮರ್ಥ್ಯ ಐದು ಎಂದೇ ಇತ್ತು.

ಆ ಹಾಳೆಯನ್ನು ಹಿಡಿದು ನಾನೇ ಆರ್‌ಟಿಒ ಕಚೇರಿಗೆ ಹೋದೆ. ಮೋಟಾರು ವಾಹನ ನಿರೀಕ್ಷಕರು, ಅಂದರೆ ನಮ್ಮ ಜನ ಬ್ರೇಕ್ ಇನ್‌ಸ್ಪೆಕ್ಟರ್ ಎನ್ನುವವರು, ಹಾಳೆಯನ್ನು ಓದುವ ಗೋಜಿಗೂ ಹೋಗದೆ ಹಿಂಬಾಗಿಲು ತೆಗೆಸಿ, ಸೀಟಿನ ಬೆನ್ನನ್ನು ಒಂದೇ ಕೈಯಲ್ಲಿ ಹಿಡಿದು ಮುಂದಕ್ಕೆ ಎಳೆದರು. ಸೀಟಿನ ಜೊತೆಗೆ ಕೆಳಗಿನ ತಗಡೂ ಮೇಲೆದ್ದಿತು. ಕಂಪನಿಯ ಸೀಟು ಕೂರುವ ಕಡೆ ನೆಲದ ತಗಡಿನ ಅಡಿ ದಪ್ಪನೆಯ ಪಟ್ಟಿಯನ್ನೂ ನಟ್ಟನ್ನೂ ವೆಲ್ಡ್ ಮಾಡಿರುತ್ತಾರೆ. ನಮ್ಮದರಲ್ಲಿ ಬರೀ ತಗಡಿಗೆ ತೂತು ಕೊರೆದು, ನಾಲ್ಕಾಣೆ ಅಗಲದ ವಾಷರು ಹಾಕಿ ಬೋಲ್ಟು ಬಿಗಿದಿದ್ದರು. ಸೀಟ್ ಬೆಲ್ಟನ್ನೂ ಅದೇ ತಗಡಿಗೆ ಕಚ್ಚಿಸಿದ್ದರು. "ಇಲ್ಲಿ ಯಾರು ಕೂರುತ್ತಾರೆ?" ಎಂದು ಅವರು ಕೇಳಿದಾಗ ನನಗೆ ಬಾಯಿ ಬರಲಿಲ್ಲ.

ಬಳಿಕ ಅವರು ವಿವರಿಸಿದ್ದನ್ನು ಎಲ್ಲರೂ ತಿಳಿದಿರಬೇಕು. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ಹೊಂದದಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಖಚಿತಪಡಿಸಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕರಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೇ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು. ಏಳು ಸೀಟಿನ ಮಾದರಿಗೆ ತಯಾರಕರು ಪುಣೆಯ ಎಆರ್‌ಎಐಯಂತಹ ಅಧಿಕೃತ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ ಪ್ರತ್ಯೇಕವಾಗಿ ಅನುಮೋದನೆ ಪಡೆದಿರುತ್ತಾರೆ, ಆದರೆ ನನ್ನ ಚಾಸಿಸ್ ನಂಬರು ಐದು ಸೀಟಿನ ಮಾದರಿಯಲ್ಲಿ ದಾಖಲಾಗಿದೆ. ಸೀಟನ್ನು ಮೊದಲು ಕೂರಿಸಿ ಪ್ರಮಾಣಪತ್ರವನ್ನು ಆಮೇಲೆ ಹೊಂದಿಸುವ ಅಧಿಕಾರ ಯಾವ ಗ್ಯಾರೇಜಿಗೂ ಇಲ್ಲ. ದೊಡ್ಡ ವ್ಯಾನು ಇರುವವರು ಇನ್ನೊಂದನ್ನು ಗಮನಿಸಬೇಕು: ಚಾಲಕರ ಸೀಟು ಬಿಟ್ಟು ಎಂಟು ಸೀಟುಗಳವರೆಗೆ ವಾಹನ ಎಂ1 ವರ್ಗದಲ್ಲಿರುತ್ತದೆ, ಒಂಬತ್ತನೆಯದು ಸೇರಿದರೆ ವರ್ಗವೇ ಬದಲಾಗಿ, ಅದಕ್ಕೆ ಅನ್ವಯಿಸುವ ಸುರಕ್ಷತಾ ಮಾನದಂಡಗಳೂ ಬದಲಾಗುತ್ತವೆ.

ನನ್ನನ್ನು ನಿಜವಾಗಿ ಹೆದರಿಸಿದ್ದು ವಿಮೆಯ ವಿಚಾರ. 42 ಜನರಿಗೆ ಅನುಮತಿಯಿದ್ದ ಬಸ್ಸಿನಲ್ಲಿ 90 ಜನರಿದ್ದಾಗ ಅಪಘಾತವಾದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2007ರಲ್ಲಿ, ವಿಮಾ ಕಂಪನಿಯ ಹೊಣೆ 42 ಜನರಿಗಷ್ಟೇ ಸೀಮಿತವೆಂದೂ ಉಳಿದ ಪರಿಹಾರವನ್ನು ಮಾಲೀಕರಿಂದಲೇ ವಸೂಲು ಮಾಡಬೇಕೆಂದೂ ತೀರ್ಪು ಕೊಟ್ಟಿದೆ. ಗಾಡಿಯಲ್ಲಿ ಎಷ್ಟು ಸೀಟು ಕಾಣುತ್ತದೆ ಎಂಬುದಲ್ಲ, ದಾಖಲೆಯಲ್ಲಿ ಎಷ್ಟಿದೆ ಎಂಬುದೇ ಲೆಕ್ಕಕ್ಕೆ ಬರುವುದು.

ಆದ್ದರಿಂದ ಹೆಚ್ಚು ಜನರಿರುವವರು ಹಳೆಯದಾದರೂ ಕಾರ್ಖಾನೆಯಿಂದಲೇ ಏಳು ಸೀಟಿನದಾಗಿ ಬಂದ ಗಾಡಿಯನ್ನು ಕೊಳ್ಳಿ, ಮುಂಗಡ ಕೊಡುವ ಮೊದಲು ಆರ್‌ಸಿಯಲ್ಲಿನ ಆಸನ ಸಾಮರ್ಥ್ಯವನ್ನು ನೀವೇ ಓದಿ. ಮಾರುವವರು ಸೀಟು ಹೆಚ್ಚಿಸಿದ ಗಾಡಿಯನ್ನು ತೋರಿಸಿದರೆ, ಕಾಲಡಿಯ ಮ್ಯಾಟು ಎತ್ತಿ ಬೋಲ್ಟು ಕೂತಿರುವ ಜಾಗವನ್ನು ನೋಡಿ. ಯಾರಾದರೂ ಪ್ರಮಾಣಪತ್ರ ತರಿಸಿಕೊಡುತ್ತೇನೆ ಎಂದರೆ ಹಣ ಕೊಡುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ನಾನು ಎರಡು ತಿಂಗಳು ತಡವಾಗಿ ಮಾಡಿದ ಆ ಕೆಲಸಕ್ಕೆ ಹಿಡಿದದ್ದು ಅರ್ಧ ಗಂಟೆ ಮಾತ್ರ.

ಸೀಟು ಬಿಚ್ಚಿಸಿ, ತೂತುಗಳನ್ನು ಮುಚ್ಚಿಸಿ, ತುಕ್ಕು ಹಿಡಿಯದಂತೆ ಬಣ್ಣ ಬಳಿಸಲು ಇನ್ನೂ 3,500 ರೂಪಾಯಿ ಹೋಯಿತು. ಗ್ಯಾರೇಜಿನವರು ಹಣ ಹಿಂದಿರುಗಿಸಲಿಲ್ಲ. ಆ ಸೀಟನ್ನು ಮಾತ್ರ 8,000ಕ್ಕೆ ವಾಪಸು ತೆಗೆದುಕೊಳ್ಳುತ್ತೇವೆ ಎಂದರು. ಅದು ಇನ್ನೊಬ್ಬರ ವ್ಯಾನಿಗೇ ಹೋಗುತ್ತದೆಂದು ಗೊತ್ತಿದ್ದರಿಂದ ನಾನು ಕೊಡಲಿಲ್ಲ.